ಬಚ್ಚಲುಮನೆಗೆ ಯಾರ ಅಪ್ಪಣೆ?

"ನಿಮ್ಮೂರಿನವರಿಗೆ ತಮ್ಮ ಮನೆಗಳ ಬೆಲೆ ಗೊತ್ತಿಲ್ಲ ಕಣಮ್ಮ." ಶಿವಮೊಗ್ಗದಲ್ಲಿ ಪರಿಚಯದ ಹಿರಿಯರೊಬ್ಬರು ಹೀಗೆ ಹೇಳಿದರು. ಅವತ್ತಿನಿಂದ ಈ ಮಾತು ತಲೆ ಬಿಟ್ಟು ಹೋಗುತ್ತಿಲ್ಲ. ಹೇಳಿದವರು ಒಳ್ಳೆಯವರು. ಇಕ್ಕೇರಿ, ಕೆಳದಿ, ಕವಲೇದುರ್ಗ ಅಂದರೆ ಊಟ ನಿದ್ದೆ ಮರೆಯುವವರು. ನಮ್ಮೂರಿನ ದೇವಸ್ಥಾನದ ಬೀದಿಯನ್ನು ಪಾರಂಪರಿಕ ಪ್ರದೇಶ ಅಂತ ಘೋಷಿಸುವ ಪ್ರಸ್ತಾಪ ಬಂದಿದೆ, ಬೀದಿಯ ಮನೆಯವರೇ ಬೇಡ ಅನ್ನುತ್ತಿದ್ದಾರೆ ಎಂದು ಅವರ ಕಿವಿಗೆ ಬಿದ್ದಿತ್ತು. ಅವರಿಗೆ ನಿಜವಾಗಿ ಬೇಜಾರಾಗಿತ್ತು. ಮಲೆನಾಡಿನಲ್ಲಿ ಇಂಥ ಬೀದಿ ಇನ್ನೆಷ್ಟು ಉಳಿದಿವೆ, ಇದನ್ನೂ ಕೆಡವಿ ಆರ್‌ಸಿಸಿ ಮನೆ ಕಟ್ಟಿಕೊಳ್ಳುತ್ತಾರಲ್ಲ ಅನ್ನುವ ಸಂಕಟ. ಆ ಸಂಕಟ ನನಗೂ ಇದೆ. ಆದರೆ ಬೆಲೆ ಗೊತ್ತಿಲ್ಲ ಅನ್ನುವ ಮಾತನ್ನು ಒಪ್ಪಲು ಆಗುತ್ತಿಲ್ಲ. ಆ ಬೀದಿಯಲ್ಲಿ ನನ್ನ ತವರುಮನೆ ಇದೆ. ಅದನ್ನು ನಿಲ್ಲಿಸಿಕೊಂಡು ಬರಲು ಎಷ್ಟು ದುಡ್ಡು ಹೋಗಿದೆ, ಎಷ್ಟು ಮೈಮುರಿತ ಆಗಿದೆ ಅಂತ ಅಲ್ಲಿ ಇರುವವರಿಗೆ ಚೆನ್ನಾಗಿ ಗೊತ್ತು.

ಬೀದಿಯನ್ನು ವರ್ಣಿಸುವುದು ಬೇಡ. ಮಲೆನಾಡಿನವರಾದರೆ ಇಂಥದ್ದೊಂದನ್ನು ನೋಡಿರುತ್ತೀರಿ. ಎರಡೂ ಕಡೆ ಗೋಡೆಗೆ ಗೋಡೆ ತಾಗಿದ ಮನೆಗಳು, ಉದ್ದಕ್ಕೂ ಜಗುಲಿ, ಕೆಳಗಿಳಿದ ಹಂಚಿನ ಮಾಡು, ತುದಿಗೆ ದೇವಸ್ಥಾನ, ಅದರ ಹಿಂದೆ ಹೊಳೆ. ಕೆಲವು ಮನೆಗಳಲ್ಲಿ ಈಗ ಇಬ್ಬರೇ ಇದ್ದಾರೆ. ಕೆಲವಕ್ಕೆ ಬೀಗ. ಬೀಗ ಹಾಕಿದ ಮನೆಯವರು ಬೆಂಗಳೂರಿನಿಂದ ರಥೋತ್ಸವಕ್ಕೆ ಬರುತ್ತಾರೆ, ಜಗುಲಿ ಗುಡಿಸುತ್ತಾರೆ, ಎರಡು ದಿನ ಇದ್ದು ಹೋಗುತ್ತಾರೆ.

ಪ್ರಸ್ತಾಪದ ಕಾಗದವನ್ನು ಅಣ್ಣ ವಾಟ್ಸಾಪಿನಲ್ಲಿ ಕಳಿಸಿದ್ದ. ಬೀದಿಗೆ ಕಾಣುವ ಗೋಡೆ, ಕಿಟಕಿ, ಜಗುಲಿ, ಕಂಬ ಯಾವುದನ್ನೂ ಬದಲಿಸುವ ಹಾಗಿಲ್ಲ. ಮಾಡು ಹಂಚಿನದ್ದೇ ಇರಬೇಕು. ಮೇಲೆ ಮಹಡಿ ಏರಿಸುವ ಹಾಗಿಲ್ಲ. ಒಳಗೆ ದೊಡ್ಡ ರಿಪೇರಿ ಇದ್ದರೂ ನಕ್ಷೆ ಮಾಡಿಸಿ, ಸಮಿತಿಯ ಮುಂದಿಟ್ಟು, ಒಪ್ಪಿಗೆ ತಗೊಂಡು ಮಾಡಬೇಕು. ಸಮಿತಿಯಲ್ಲಿ ಅಧಿಕಾರಿಗಳು, ಆರ್ಕಿಟೆಕ್ಟ್, ಇತಿಹಾಸ ಬಲ್ಲವರು ಇರುತ್ತಾರೆ. ಬೀದಿಯವರು ಎಷ್ಟು ಜನ ಇರುತ್ತಾರೆ ಅಂತ ಬರೆದಿಲ್ಲ. ಹಣದ ವಿಷಯಕ್ಕೆ ಒಂದೇ ಸಾಲು. ಅನುದಾನದ ಲಭ್ಯತೆಯ ಮೇರೆಗೆ ನೆರವನ್ನು ಪರಿಶೀಲಿಸಲಾಗುವುದು. ಮಾಡಬಾರದ್ದರ ಪಟ್ಟಿ ಎರಡು ಪುಟ, ಮಾಡಿಕೊಡುತ್ತೇವೆ ಅನ್ನುವುದು ಒಂದು ಸಾಲು. ಈ ಕಾಗದ ಓದಿದ ಯಾವ ಮನೆಯವರಾದರೂ ಏನು ಅಂದುಕೊಳ್ಳುತ್ತಾರೆ ಹೇಳಿ.

ಮೂರು ಹೊಸ್ತಿಲು

ನಮ್ಮ ಮನೆಯ ಬಾಗಿಲುಗಳು ಗಿಡ್ಡ, ಹೊಸ್ತಿಲುಗಳು ಎತ್ತರ. ಬಗ್ಗಿ, ಕಾಲೆತ್ತಿ ದಾಟಬೇಕು. ಅಮ್ಮ ಮಲಗುವುದು ಜಗುಲಿಗೆ ಅಂಟಿದ ಕೋಣೆಯಲ್ಲಿ. ಅಲ್ಲಿ ಗಾಳಿ ಬರುತ್ತದೆ, ಬೀದಿಯಲ್ಲಿ ಹೋಗಿ ಬರುವವರು ಕಿಟಕಿಯಲ್ಲಿ ಮಾತಾಡಿಸುತ್ತಾರೆ. ಬಚ್ಚಲು ಮತ್ತು ಪಾಯಖಾನೆ ಇರುವುದು ಹಿತ್ತಿಲಿನಲ್ಲಿ, ಕೊಟ್ಟಿಗೆಯ ಆಚೆ. ಹೋಗಬೇಕಾದರೆ ನಡುಮನೆ, ಅಡುಗೆಮನೆ, ಹಿತ್ತಿಲ ಬಾಗಿಲು ದಾಟಬೇಕು. ಮೂರು ಹೊಸ್ತಿಲು, ಆಮೇಲೆ ನಾಲ್ಕು ಕಲ್ಲಿನ ಮೆಟ್ಟಿಲು. ಮಳೆಗಾಲದಲ್ಲಿ ಮೆಟ್ಟಿಲ ಮೇಲೆ ಪಾಚಿ.

ಹೋದ ಮಳೆಗಾಲದಲ್ಲಿ ನಾನು ತವರಲ್ಲಿ ಉಳಿದಿದ್ದ ಒಂದು ರಾತ್ರಿ. ಜಡಿಮಳೆ, ಕರೆಂಟ್ ಇಲ್ಲ. ಅಮ್ಮನಿಗೆ ಎದ್ದು ಹೋಗಬೇಕಾಯಿತು. ನಾನು ಏಳುವ ಮೊದಲೇ ಅತ್ತಿಗೆ ಎದ್ದು ಬಂದಿದ್ದರು. ಒಂದು ಕೈಯಲ್ಲಿ ಟಾರ್ಚ್, ಇನ್ನೊಂದು ಕೈ ಅಮ್ಮನ ತೋಳಿನ ಕೆಳಗೆ. ಹೊಸ್ತಿಲು ಬಂದ ಕೂಡಲೇ ಅತ್ತಿಗೆ ಟಾರ್ಚನ್ನು ಬಾಯಲ್ಲಿ ಕಚ್ಚಿ ಹಿಡಿದರು. ವಾಕರನ್ನು ಎತ್ತಿ ಆ ಕಡೆ ಇಟ್ಟರು. ಅಮ್ಮನ ಬಲಗಾಲನ್ನು ಕೈಯಿಂದಲೇ ಎತ್ತಿ ಹೊಸ್ತಿಲ ಆಚೆ ಊರಿಸಿದರು, ಆಮೇಲೆ ಎಡಗಾಲು. ಬಾಗಿಲು ಗಿಡ್ಡ ಆದ್ದರಿಂದ ಅಮ್ಮನ ನೆತ್ತಿಯ ಮೇಲೆ ತಮ್ಮ ಅಂಗೈ ಅಡ್ಡ ಹಿಡಿದಿದ್ದರು. ಹೀಗೆ ಮೂರು ಸಲ. ಹಿತ್ತಿಲ ಬಾಗಿಲಲ್ಲಿ ನಾನು ಕೊಡೆ ಬಿಚ್ಚಿದೆ. ಅಷ್ಟು ಹೊತ್ತಿಗೆ ತಡವಾಗಿತ್ತು. ಅಮ್ಮ ಅಲ್ಲೇ ನಿಂತು ಅತ್ತರು. "ಅಳೂದು ಎಂತಕ್ಕೆ ಅತ್ತೆ, ನೀರು ಹಾಕಿದ್ರೆ ಆಯ್ತು" ಅಂದರು ಅತ್ತಿಗೆ. ಅವರ ಮಂಡಿಯೂ ಈಗ ಸರಿ ಇಲ್ಲ. ಅದಕ್ಕಿಂತ ಹಿಂದಿನ ಮಳೆಗಾಲದಲ್ಲಿ ಅದೇ ಮೆಟ್ಟಿಲ ಮೇಲೆ ಅವರು ಜಾರಿ ಬಿದ್ದಿದ್ದರು.

ಜಗುಲಿ ಪಕ್ಕದ ಆ ಕೋಣೆಗೇ ಒಂದು ಬಚ್ಚಲು, ಕಮೋಡು ಮಾಡಿಸಬೇಕು ಅಂತ ಅಣ್ಣ ಅತ್ತಿಗೆ ತೀರ್ಮಾನ ಮಾಡಿದ್ದರು. ಅಕ್ಕಪಕ್ಕ ಗೋಡೆ ಹಂಚಿಕೊಂಡ ಮನೆ ಆದ್ದರಿಂದ ಅದರ ಗಾಳಿಕಿಂಡಿ ಬೀದಿ ಕಡೆಗೇ ಬರಬೇಕು. ಪೈಪೂ ಜಗುಲಿಯ ಅಡಿಯಿಂದ ಹೋಗಬೇಕು. ಗಾರೆಯವನಿಗೆ ಹೇಳಿಯೂ ಆಗಿತ್ತು. ಅಷ್ಟರಲ್ಲಿ ಈ ಪ್ರಸ್ತಾಪ ಬಂತು. ಬೀದಿಗೆ ಕಾಣುವ ಗೋಡೆಯಲ್ಲಿ ಹೊಸ ಕಿಂಡಿ ಮಾಡುವ ಹಾಗಿಲ್ಲ.

ದೇವಸ್ಥಾನದ ಚಂದ್ರಶಾಲೆಯಲ್ಲಿ ಸಭೆ ಕರೆದಿದ್ದರು. ನಾನೂ ಹೋಗಿದ್ದೆ. ಗೋಡೆಯ ಮೇಲೆ ನಮ್ಮದೇ ಬೀದಿಯ ಚಿತ್ರಗಳು. ಕಾಲೇಜು ಹುಡುಗ ಹುಡುಗಿಯರು ಬಂದು ಅಳತೆ ತೆಗೆದು ಬರೆದ ನಕ್ಷೆಗಳು. ಚೆನ್ನಾಗಿ ಬರೆದಿದ್ದರು. ನಮ್ಮ ಮನೆಯ ಕಂಬದ ತಲೆಯ ಮೇಲಿನ ಬೋದಿಗೆಯಲ್ಲಿ ಕೆತ್ತಿದ ಗಿಣಿಯನ್ನು ಅಷ್ಟು ದೊಡ್ಡದಾಗಿ ನಾನು ನೋಡಿದ್ದು ಅಲ್ಲೇ. ಕುಪ್ಪಳಿಯ ಕವಿಮನೆಯ ಉದಾಹರಣೆ ಕೊಟ್ಟರು. ಮನಸ್ಸು ಮಾಡಿದರೆ ಹೇಗೆ ಇಟ್ಟುಕೊಳ್ಳಬಹುದು ನೋಡಿ ಅಂದರು. ನಿಜ, ಕವಿಮನೆ ಅಂದರೆ ನಮಗೆಲ್ಲ ಹೆಮ್ಮೆ. ಆದರೆ ಅದನ್ನು ನೋಡಿಕೊಳ್ಳಲು ಒಂದು ಪ್ರತಿಷ್ಠಾನ ಇದೆ, ಕೆಲಸದವರಿದ್ದಾರೆ. ಅಲ್ಲಿ ರಾತ್ರಿ ಯಾರೂ ಎದ್ದು ಬಚ್ಚಲಿಗೆ ಹೋಗಬೇಕಾಗಿಲ್ಲ. ಅಲ್ಲಿಯ ಅಡುಗೆಮನೆಯಲ್ಲಿ ಯಾರೂ ಹೊಗೆ ಕುಡಿದು ಅಡುಗೆ ಮಾಡಬೇಕಾಗಿಲ್ಲ.

ಹೆಂಗಸರೆಲ್ಲ ಹಿಂದೆ ಕೂತಿದ್ದರು. ಪ್ರಶ್ನೆ ಕೇಳಿದವರೆಲ್ಲ ಗಂಡಸರು. ಮಹಡಿ, ಮಾರಾಟ, ಸಾಲ, ಹೋಮ್‌ಸ್ಟೇ. ಕೊನೆಗೆ ಅತ್ತಿಗೆ ಎದ್ದು ನಿಂತರು. ಸಭೆಯಲ್ಲಿ ಅವರು ಮಾತಾಡಿದ್ದು ನಾನು ಹಿಂದೆ ಕಂಡಿರಲಿಲ್ಲ. "ನಮ್ಮತ್ತೆಗೆ ಕೋಣೆಗೇ ಒಂದು ಬಚ್ಚಲು ಮಾಡಿಸ್ಬೇಕು. ಅದಕ್ಕೆ ಯಾರ ಹತ್ರ ಕೇಳ್ಬೇಕು? ಎಷ್ಟು ದಿವ್ಸಕ್ಕೆ ಹೇಳ್ತೀರಿ?" ಬಂದಿದ್ದ ಅಧಿಕಾರಿ ಮರ್ಯಾದೆಯಿಂದಲೇ ಉತ್ತರ ಕೊಟ್ಟರು. ಅರ್ಜಿ ಕೊಡಿ, ಸಮಿತಿ ಕೂತಾಗ ನೋಡುತ್ತೇವೆ ಅಂದರು. ಸಮಿತಿ ಎಲ್ಲಿ ಕೂರುತ್ತದೆ, ಎಷ್ಟು ತಿಂಗಳಿಗೊಮ್ಮೆ ಅಂತ ಅತ್ತಿಗೆ ಮತ್ತೆ ಕೇಳಿದರು. ಅದಿನ್ನೂ ನಿಗದಿಯಾಗಿಲ್ಲ ಅಂತ ಉತ್ತರ ಬಂತು. ಅತ್ತಿಗೆ ಕೂತರು. ಆ ಸಭೆಯಲ್ಲಿ ಇದಕ್ಕಿಂತ ಮುಖ್ಯವಾದ ಮಾತು ಬೇರೆ ಬರಲಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಹಳೇ ಮನೆ ಎಷ್ಟು ಚಂದ ಅಂತ ಬರೆಯುವವರಲ್ಲಿ ಆ ಮನೆಯ ಬಚ್ಚಲು ತೊಳೆದವರು ಕಡಿಮೆ. ಜಗುಲಿ ಗಂಡಸರದ್ದಾಗಿತ್ತು, ಅಡುಗೆಮನೆ ಹೆಂಗಸರದ್ದು. ಉಳಿಸಬೇಕು ಅನ್ನುವ ಪಟ್ಟಿಯಲ್ಲಿ ಜಗುಲಿಗೆ ಮೊದಲ ಜಾಗ ಸಿಕ್ಕಿದೆ.

ಮಾಡಿನ ಮೇಲೆ

ಪ್ರತಿ ವರ್ಷ ಮಳೆಗೆ ಮುಂಚೆ ಹಂಚು ಕೈಯಾಡಿಸಬೇಕು. ಇದು ಗೊತ್ತಿಲ್ಲದ ಮಲೆನಾಡಿನವರಿಲ್ಲ. ಆದರೆ ಊರು ಬಿಟ್ಟವರಿಗೆ ಅದೀಗ ನೆನಪು ಮಾತ್ರ. ಇಲ್ಲಿಂದ ಆಗುಂಬೆ ದೂರ ಇಲ್ಲ. ಅಲ್ಲಿ ವರ್ಷಕ್ಕೆ ಸರಾಸರಿ ಸುಮಾರು 7,500 ಮಿಲಿಮೀಟರ್ ಮಳೆ. ನಮ್ಮಲ್ಲಿ ಅಷ್ಟಿಲ್ಲದಿದ್ದರೂ, ಒಡೆದ ಒಂದು ಹಂಚು ಒಂದು ಮಳೆಗಾಲ ಹಾಗೇ ಉಳಿದರೆ ಸಾಕು. ಅದರ ಕೆಳಗಿನ ರೀಪು, ಅಂದರೆ ಹಂಚು ಕೂರುವ ಮರದ ಪಟ್ಟಿ, ಕುಂಬಾಗುತ್ತದೆ. ಎರಡನೇ ವರ್ಷ ಆ ರೀಪನ್ನು ಹೊತ್ತ ಪಕಾಸಿ. ನೀರು ಗೋಡೆಗೆ ಇಳಿದರೆ ಮಣ್ಣಿನ ಗೋಡೆ ಹೊಟ್ಟೆ ಬಿಡುತ್ತದೆ, ಒರಲೆ ಹತ್ತುತ್ತದೆ. ಬೀಗ ಹಾಕಿದ ಮನೆಗಳು ಬೀಳುವುದು ಹೀಗೇ. ಯಾರೂ ಕೆಡವುವುದಿಲ್ಲ. ಸುಮ್ನೆ ಬಿಟ್ಟರೆ ಸಾಕು.

ಈ ಸಲ ಏಪ್ರಿಲ್‌ನಲ್ಲಿ ಹೋದಾಗ ಅಣ್ಣ ಮಾಡಿನ ಮೇಲಿದ್ದ. ಜೊತೆಗೆ ಹಂಚಿನ ಕೆಲಸದವರು. ಅವರ ಅಪ್ಪನೂ ನಮ್ಮ ಮನೆಯ ಹಂಚು ಕೈಯಾಡಿಸುತ್ತಿದ್ದರು. ಅವರಿಗೇ ಈಗ ವಯಸ್ಸಾಗಿದೆ. ಮಗ ಮಣಿಪಾಲದಲ್ಲಿ ಕೆಲಸಕ್ಕಿದ್ದಾನೆ, ಮಾಡು ಹತ್ತುವುದಿಲ್ಲ. ಮಾಡಿನ ಮೇಲೆ ಅವರು ನಡೆಯುವುದನ್ನು ನೋಡಬೇಕು. ಹಂಚಿನ ಮಧ್ಯಕ್ಕೆ ಕಾಲಿಡುವುದಿಲ್ಲ. ಕೆಳಗೆ ರೀಪು ಇರುವ ಕಡೆ ಮಾತ್ರ, ಅದೂ ಬೆರಳ ತುದಿಯಲ್ಲಿ. ಒಂದೊಂದೇ ಹಂಚು ತೆಗೆದು ಪಾಚಿ ಕೆರೆದು, ಬೆರಳ ಗಂಟಿನಿಂದ ಕುಟ್ಟಿ, ಸದ್ದು ಕೇಳಿ, ಗಟ್ಟಿ ಇದ್ದದ್ದನ್ನು ಒಂದು ಕಡೆ, ಬಿರುಕು ಬಿಟ್ಟದ್ದನ್ನು ಇನ್ನೊಂದು ಕಡೆ ಇಡುತ್ತಿದ್ದರು. ನಾನು ಏಣಿಯ ಕೆಳಗೆ ನಿಂತು ಒಂದು ಹಂಚನ್ನು ಕೈಗೆ ತಗೊಂಡೆ. ಹಿಂಬದಿಯಲ್ಲಿ ಕಾರ್ಖಾನೆಯ ಹೆಸರಿನ ಅರ್ಧ ಅಕ್ಷರಗಳು ಸವೆದು ಉಳಿದಿದ್ದವು. "ಇಂಥದ್ದು ಈಗ ಬರೂದಿಲ್ಲಮ್ಮ. ಈಗಿನದು ಹಗುರ, ಮಂಗ ಒಂದು ಸಲ ಹಾರಿದ್ರೆ ಹೋಯ್ತು" ಅಂದರು. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರುಮಾಡಿದ ಮೇಲೆ ಕರಾವಳಿಯಿಂದ ಘಟ್ಟ ಹತ್ತಿ ಬಂದ ಹಂಚುಗಳು ಇವು. ಈಗ ಮಂಗಳೂರು, ಕುಂದಾಪುರ ಕಡೆಯ ಎಷ್ಟೋ ಕಾರ್ಖಾನೆಗಳು ಬಾಗಿಲು ಹಾಕಿವೆ. ಯಾರಾದರೂ ಮನೆ ಕೆಡವಿದ ಸುದ್ದಿ ಬಂದರೆ ಅಣ್ಣ ಪಿಕಪ್ ಮಾಡಿಕೊಂಡು ಹೋಗಿ ಹಳೇ ಹಂಚು ತರುತ್ತಾನೆ.

ಮಂಗನ ಕಾಟ ಬೇರೆ ಜಾಸ್ತಿಯಾಗಿದೆ. ಹಿಂಡು ಬಂದರೆ ಅರ್ಧ ಗಂಟೆಯಲ್ಲಿ ಇಡೀ ಸಾಲಿನ ಹಂಚು ಎಬ್ಬಿಸಿ ಹೋಗುತ್ತದೆ. ಅದಕ್ಕೇ ಬೀದಿಯಲ್ಲಿ ಕೆಲವರು ಹಂಚು ತೆಗೆದು ಶೀಟು ಹೊದಿಸಿದ್ದಾರೆ. ಶೀಟಿನ ಮನೆ ಮಳೆಯಲ್ಲಿ ಮಾತು ಕೇಳದಷ್ಟು ಸದ್ದು, ಬೇಸಿಗೆಯಲ್ಲಿ ಬೇಯುತ್ತದೆ. ಅದು ಅವರಿಗೂ ಗೊತ್ತು. ಹಾಕಿದವರಲ್ಲಿ ಒಬ್ಬರು ಒಂಟಿ ಹೆಂಗಸು. ಮಾಡು ಹತ್ತಲು ಜನ ಸಿಗದೆ, ಪ್ರತಿ ಮಳೆಗೂ ಪಾತ್ರೆ ಇಟ್ಟು ಸಾಕಾಗಿ, ಅಡಿಕೆ ಮಾರಿದ ದುಡ್ಡಿನಲ್ಲಿ ಶೀಟು ಹಾಕಿಸಿದರು. ಪ್ರಸ್ತಾಪದ ಪ್ರಕಾರ ಅವರು ಅದನ್ನು ತೆಗೆದು ಮತ್ತೆ ಹಂಚು ಹೊದಿಸಬೇಕು. ಅಡಿಕೆಗೆ ಎಲೆಚುಕ್ಕಿ ರೋಗ ಬಂದು ತೋಟದ ಉತ್ಪತ್ತಿ ಬಿದ್ದಿರುವ ಕಾಲದಲ್ಲಿ ಆ ದುಡ್ಡು ಎಲ್ಲಿಂದ ಬರಬೇಕು? ಮರದ ಕೆಲಸಕ್ಕೆ ಹೋದರೆ ಇನ್ನೂ ಕಷ್ಟ. ಹಿಂದಿನವರು ಬೀಟೆ, ಸಾಗುವಾನಿ, ಹಲಸು ಬಳಸಿದ್ದರು. ಈಗ ತೋಟದಂಚಿನ ಮರ ಕಡಿಯಬೇಕಾದರೂ 1976ರ ಮರ ಸಂರಕ್ಷಣಾ ಕಾಯ್ದೆಯ ಪ್ರಕಾರ ಅರಣ್ಯ ಇಲಾಖೆಯ ಅನುಮತಿ ಬೇಕು. ಆ ಕಾಯ್ದೆ ಬೇಡ ಅಂತ ನಾನು ಹೇಳುತ್ತಿಲ್ಲ, ಕಾಡು ಉಳಿಯಬೇಕು. ಆದರೆ ಒಂದು ಇಲಾಖೆ ಮರದ ಕಂಬವೇ ಬೇಕು ಅಂದು, ಇನ್ನೊಂದು ಇಲಾಖೆ ಮರ ಕಡಿಯಲು ಕಾಯಬೇಕು ಅಂದರೆ, ಮಧ್ಯದಲ್ಲಿ ಮನೆಯವರು ಏನು ಮಾಡಬೇಕು ಅಂತ ಯಾರೋ ಒಬ್ಬರು ಕೂತು ಯೋಚಿಸಬೇಕು ಅಲ್ವಾ?

ಯಾವ ಕಾಲದ ಮನೆ?

ನಮ್ಮ ಮನೆ ಮೊದಲು ಹೀಗಿರಲಿಲ್ಲ ಅಂತ ಅಜ್ಜಿ ಹೇಳುತ್ತಿದ್ದರು. ಅವರು ಮದುವೆಯಾಗಿ ಬಂದಾಗ ಹಿಂದಿನ ಅರ್ಧಕ್ಕೆ ಹುಲ್ಲಿನ ಮಾಡು. ಆಮೇಲೆ ಹಂಚು ಬಂತು. ನೆಲಕ್ಕೆ ಸಗಣಿ ಸಾರಿಸುತ್ತಿದ್ದರು, ಅಪ್ಪನ ಕಾಲದಲ್ಲಿ ಕಾವಿ ಬಣ್ಣದ ಗಾರೆ ನೆಲ ಆಯಿತು. ಜಗುಲಿಗೆ ಮರದ ಸರಳು ಕೂರಿಸಿದ್ದೂ ಅಪ್ಪನೇ. ಈಗ ಅಳತೆ ತೆಗೆದವರು ಆ ಸರಳುಗಳನ್ನು ಬಹಳ ಹಳೆಯವು ಅಂತ ಗುರುತು ಹಾಕಿಕೊಂಡಿದ್ದಾರೆ. ಕರೆಂಟ್ ಬಂದಾಗ ಅಟ್ಟದ ಹಲಗೆ ಕೊರೆದು ವೈರ್ ಎಳೆದರು. ಗ್ಯಾಸ್ ಬಂದಾಗ ಅಡುಗೆಮನೆಗೆ ಕಿಟಕಿ ಒಡೆದರು. ಆ ಕಿಟಕಿಗಾಗಿ ಅಮ್ಮ ಎಷ್ಟೋ ವರ್ಷ ಹೇಳಿ ಹೇಳಿ ಸಾಕಾಗಿದ್ದರು ಅನ್ನುವುದು ನನಗೆ ನೆನಪಿದೆ. ಕಿಟಕಿ ಕೂರಿಸಿದ ದಿನ ಅಮ್ಮ ಬೆಳಕಲ್ಲಿ ಅಕ್ಕಿ ಆರಿಸಿದರು.

ಅಂದರೆ ಪ್ರತಿ ತಲೆಮಾರೂ ಮನೆಯನ್ನು ಒಂದಿಷ್ಟು ಬದಲಿಸಿಕೊಂಡಿದೆ. ಬದಲಿಸಿಕೊಂಡದ್ದರಿಂದಲೇ ಅಲ್ಲಿ ಇರಲು ಆಯಿತು. ಇದ್ದದ್ದರಿಂದಲೇ ಮನೆ ನಿಂತಿದೆ. ಈಗ ಒಂದು ದಿನಾಂಕ ಹಾಕಿ, ಇಲ್ಲಿಂದ ಮುಂದೆ ಏನೂ ಬದಲಾಗಬಾರದು ಅಂದರೆ, ಅತ್ತಿಗೆಯ ತಲೆಮಾರಿಗೆ ಮಾತ್ರ ಆ ಹಕ್ಕು ಇಲ್ಲ ಅಂದ ಹಾಗಾಗುತ್ತದೆ. ನನಗೆ ಇದೇ ಎಲ್ಲಕ್ಕಿಂತ ದೊಡ್ಡ ತಕರಾರು. ಬೀದಿಯಲ್ಲಿ ಬೀಗ ಹಾಕಿದ ಮನೆಗಳು ಏನೂ ಬದಲಾಗದೆ ಇವೆ. ಅವುಗಳ ಮಾಡಿನಲ್ಲಿ ಅಶ್ವತ್ಥದ ಗಿಡ ಎದ್ದಿದೆ. ಮಣಿಪಾಲದಲ್ಲಿ ಹಸ್ತಶಿಲ್ಪ ಪಾರಂಪರಿಕ ಗ್ರಾಮ ನೋಡಿದ್ದೀರಾ? ವಿಜಯನಾಥ ಶೆಣೈ ಅವರು ಬೀಳುತ್ತಿದ್ದ, ಕೆಡವುತ್ತಿದ್ದ ಮನೆಗಳನ್ನು ಬಿಚ್ಚಿ ತಂದು ಮತ್ತೆ ಜೋಡಿಸಿದ್ದಾರೆ. ಕುಂಜೂರಿನ ಚೌಕಿಮನೆಯನ್ನು ಅಲ್ಲಿ ನೋಡಬಹುದು. ಅದು ಒಬ್ಬ ಮನುಷ್ಯ ತನ್ನ ಜೀವನವನ್ನೇ ಕೊಟ್ಟು ಮಾಡಿದ ಕೆಲಸ, ನನಗೆ ಅವರ ಮೇಲೆ ಬಹಳ ಗೌರವ. ಅಲ್ಲಿ ಮನೆಯಿಂದ ಮನೆಯವರು ಹೋಗಿ ಆಗಿತ್ತು, ಆದ್ದರಿಂದ ಮನೆಯನ್ನು ಹಾಗೇ ಇಡಬಹುದು. ನಮ್ಮ ಬೀದಿಯಲ್ಲಿ ಇನ್ನೂ ಜನ ಇದ್ದಾರೆ. ನಿಯಮ ಅವರನ್ನು ಇಟ್ಟುಕೊಂಡು ಶುರುವಾಗಬೇಕು.

ಹೆದರಿಕೆ ಎಲ್ಲಿಂದ ಬಂತು

ಬೀದಿಯಲ್ಲಿ ಹರಡಿರುವ ಮಾತುಗಳೆಲ್ಲ ನಿಜ ಅಲ್ಲ. ಘೋಷಣೆ ಆದರೆ ಮನೆ ಸರ್ಕಾರದ್ದಾಗುತ್ತದೆ ಅಂದರು. ಬ್ಯಾಂಕ್ ಸಾಲ ಸಿಗಲ್ಲ ಅಂದರು. ಮಕ್ಕಳಿಗೆ ಹಿಸ್ಸೆ ಮಾಡಿಕೊಡಲು ಆಗಲ್ಲ ಅಂದರು. ಪ್ರಸ್ತಾಪದಲ್ಲಿ ಇದ್ಯಾವುದೂ ಇಲ್ಲ, ನಾನು ಓದಿ ಹೇಳಿದೆ. ನಂಬಿದವರು ಕಡಿಮೆ. ನಂಬದೇ ಇರುವುದಕ್ಕೆ ಅವರಿಗೆ ಕಾರಣ ಇದೆ.

ಪಶ್ಚಿಮಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಕರಡು ಅಧಿಸೂಚನೆ 2014ರಲ್ಲಿ ಮೊದಲು ಬಂತು. ಕರ್ನಾಟಕದಲ್ಲೇ 20,668 ಚದರ ಕಿಲೋಮೀಟರ್, ಒಂದೂವರೆ ಸಾವಿರಕ್ಕೂ ಹೆಚ್ಚು ಹಳ್ಳಿ. ಅದರಲ್ಲಿ ನಿಷೇಧ ಇದ್ದದ್ದು ಗಣಿ, ಕಲ್ಲುಕ್ವಾರಿ, ಉಷ್ಣ ವಿದ್ಯುತ್ ಸ್ಥಾವರ, ಹೆಚ್ಚು ಮಾಲಿನ್ಯ ಮಾಡುವ ಕೆಂಪು ಪಟ್ಟಿಯ ಕೈಗಾರಿಕೆ, 20,000 ಚದರ ಮೀಟರಿನಿಂದ ಮೇಲಿನ ಕಟ್ಟಡ, ಇಂಥವಕ್ಕೆ. ನಮ್ಮಂಥವರ ಮನೆಗೆ ಅಲ್ಲ. ಆದರೂ ಇಡೀ ಮಲೆನಾಡು ನಡುಗಿತು. ಕರಡು ಅವಧಿ ಮುಗಿದು, ಮತ್ತೆ ಬಂದು, ಮತ್ತೆ ಮುಗಿದು, 2024ರ ಜುಲೈನಲ್ಲಿ ಇನ್ನೊಮ್ಮೆ ಬಂತು. ಸೆಪ್ಟೆಂಬರಿನಲ್ಲಿ ರಾಜ್ಯ ಸಚಿವ ಸಂಪುಟ ಬೇಡ ಅಂದಿತು. ಇಷ್ಟು ವರ್ಷದಲ್ಲಿ ಹಳ್ಳಿಯವರ ಜೊತೆ ಕೂತು, ಅವರ ಭಾಷೆಯಲ್ಲಿ, ಇದರಲ್ಲಿ ಏನಿದೆ ಏನಿಲ್ಲ ಅಂತ ತಾಳ್ಮೆಯಿಂದ ಹೇಳಿದವರು ಎಷ್ಟು ಜನ? ಅಧಿಸೂಚನೆ ಅಂದರೆ ಏನೋ ಕಿತ್ತುಕೊಳ್ಳಲು ಬರುತ್ತಿದೆ ಅನ್ನುವುದು ಅದಕ್ಕಿಂತ ಹಿಂದೆಯೇ ಇಲ್ಲಿ ಬೇರೂರಿತ್ತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಶರಾವತಿ ಹಿನ್ನೀರಿಗೆ ಮನೆ, ಗದ್ದೆ ಬಿಟ್ಟು ಬಂದ ಕುಟುಂಬಗಳು 60 ವರ್ಷ ಕಳೆದರೂ ತಾವು ಉಳುತ್ತಿರುವ ಭೂಮಿಯ ಹಕ್ಕಿಗೆ ಓಡಾಡುತ್ತಲೇ ಇವೆ. ನಮ್ಮ ಬೀದಿಗೂ ಅಂಥ ಮನೆಯಿಂದ ಬಂದ ಸೊಸೆ ಒಬ್ಬರಿದ್ದಾರೆ. ಸಭೆಯಲ್ಲಿ ಎಲ್ಲರಿಗಿಂತ ಮೊದಲು ಬೇಡ ಅಂದವರು ಅವರೇ.

ಪರಂಪರೆಯ ಹೆಸರಿನಲ್ಲೂ ಜನ ಕಂಡದ್ದಿದೆ. ಹಂಪಿ 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. 2011ರಲ್ಲಿ ವಿರೂಪಾಕ್ಷ ದೇವಸ್ಥಾನದ ಮುಂದಿನ ಬಜಾರಿನ ಮಂಟಪಗಳಲ್ಲಿ ಮನೆ, ಅಂಗಡಿ ಮಾಡಿಕೊಂಡಿದ್ದವರನ್ನು ಎಬ್ಬಿಸಿ ಕಟ್ಟಡಗಳನ್ನು ಕೆಡವಿದರು. ಆ ಮಂಟಪಗಳು ಸ್ಮಾರಕಗಳೇ, ಒಪ್ಪೋಣ. ಆದರೆ ಅಲ್ಲಿಯೇ ಹುಟ್ಟಿ ಬೆಳೆದವರಿಗೆ ಅದು ಮನೆಯೂ ಆಗಿತ್ತು. ನಮ್ಮ ಜಿಲ್ಲೆಯಲ್ಲೇ ಬಳ್ಳಿಗಾವಿಯಂಥ ಊರು ನೋಡಿ. ಕೇಂದ್ರದ ರಕ್ಷಿತ ದೇವಸ್ಥಾನಗಳು ಊರೊಳಗೇ ಇವೆ. ಪ್ರಾಚೀನ ಸ್ಮಾರಕಗಳ 1958ರ ಕಾಯ್ದೆಗೆ 2010ರಲ್ಲಿ ತಂದ ತಿದ್ದುಪಡಿಯ ಪ್ರಕಾರ ರಕ್ಷಿತ ಸ್ಮಾರಕದ ಸುತ್ತ 100 ಮೀಟರಿನಲ್ಲಿ ಹೊಸ ಮನೆ ಕಟ್ಟುವ ಹಾಗಿಲ್ಲ, ರಿಪೇರಿಗೂ ಅನುಮತಿ ಬೇಕು. ಅದರಾಚೆಯ 200 ಮೀಟರಿನಲ್ಲಿ ಕಟ್ಟಬೇಕಾದರೂ ಅನುಮತಿ. ನಮ್ಮ ಬೀದಿಗೆ ಆ ಕಾಯ್ದೆ ಬರುವುದಿಲ್ಲ, ನಮ್ಮದು ಮುಜರಾಯಿ ದೇವಸ್ಥಾನ. ಆದರೆ ಕೆಳದಿ ಕಡೆ ನೆಂಟರಿರುವವರು, ಶಿಕಾರಿಪುರ ಕಡೆ ಮಗಳನ್ನು ಕೊಟ್ಟವರು ಕೇಳಿದ ಕಥೆಗಳನ್ನು ಊರಿಗೆ ತಂದೇ ತರುತ್ತಾರೆ.

ಕಂಬ ಮಾರಿದವರು

ಇಷ್ಟು ಹೇಳಿ ಸುಮ್ಮನಾದರೆ ಅರ್ಧ ಮಾತ್ರ ಹೇಳಿದ ಹಾಗೆ. ಬೇಡ ಅನ್ನುವವರೆಲ್ಲ ಅತ್ತಿಗೆಯ ಕಾರಣಕ್ಕೇ ಬೇಡ ಅನ್ನುತ್ತಿಲ್ಲ. ಬೀದಿಯ ಮಧ್ಯೆ ಒಂದು ಮನೆ ಇತ್ತು. ಅದರ ಮುಂಬಾಗಿಲ ದಾರಂದದಲ್ಲಿ ಗಜಲಕ್ಷ್ಮಿ, ಬಳ್ಳಿ, ಹಂಸ. ಮಕ್ಕಳೆಲ್ಲ ಹೊರಗೆ. ಒಂದು ದಿನ ಲಾರಿ ಬಂತು. ಬಾಗಿಲು, ನಾಲ್ಕು ಕಂಬ, ಬೋದಿಗೆ, ತೊಲೆ ಎಲ್ಲ ಬಿಚ್ಚಿ ಏರಿಸಿಕೊಂಡು ಹೋಯಿತು. ಯಾವುದೋ ರೆಸಾರ್ಟಿಗೆ ಅಂದರು. ಕಂಬ ತೆಗೆದ ಮೇಲೆ ಜಗುಲಿಯ ಮಾಡು ಕುಸಿಯಿತು. ಪಕ್ಕದ ಮನೆಯ ಗೋಡೆ ಅದಕ್ಕೆ ಒರಗಿತ್ತು, ಅದೂ ಬಿರುಕು ಬಿಟ್ಟಿತು. ಆ ಬಿರುಕನ್ನು ಮುಚ್ಚಿಸಲು ಪಕ್ಕದ ಮನೆಯವರು ತಮ್ಮ ಕೈಯಿಂದಲೇ ದುಡ್ಡು ಹಾಕಿದರು. ಇಂಥ ಲಾರಿಗಳು ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯೆಲ್ಲ ಓಡಾಡುತ್ತವೆ. ಮಾರುವವರಿಗೂ ಕಷ್ಟ ಇರಬಹುದು, ನಾನು ಜಡ್ಜ್ ಮಾಡಲು ಹೋಗುವುದಿಲ್ಲ. ಆದರೆ ಗೋಡೆಗೆ ಗೋಡೆ ತಾಗಿದ ಬೀದಿಯಲ್ಲಿ ನನ್ನ ಮನೆ ನನ್ನಿಷ್ಟ ಅನ್ನುವುದು ಪೂರ್ತಿ ನಡೆಯುವುದಿಲ್ಲ. ಒಬ್ಬರು ಕಂಬ ತೆಗೆದರೆ ಇನ್ನೊಬ್ಬರ ಮಾಡು ಕೂರುತ್ತದೆ.

ಅದಕ್ಕೇ ಏನೂ ನಿಯಮ ಬೇಡ ಅನ್ನುವವರ ಜೊತೆ ನಾನಿಲ್ಲ. ಒಂದು ಕಟ್ಟುಪಾಡು ಬೇಕು. ಆದರೆ ಅದು ದುಡ್ಡು ಮತ್ತು ಕೆಲಸದವರ ಜೊತೆಗೆ ಬರಬೇಕು. ದೇವಸ್ಥಾನಗಳಿಗೆ ಇದನ್ನು ಮಾಡಿ ತೋರಿಸಿದ್ದಾರಲ್ಲ. ಪುರಾತತ್ವ ಇಲಾಖೆ, ಧರ್ಮಸ್ಥಳದ ಧರ್ಮೋತ್ಥಾನ ಟ್ರಸ್ಟ್, ಊರಿನವರು ಸೇರಿ ಹಣ ಹಾಕಿ ಎಷ್ಟು ಹಳೇ ಗುಡಿಗಳ ಜೀರ್ಣೋದ್ಧಾರ ಮಾಡಿದ್ದಾರೆ. ಕಲ್ಲು ಬಿಚ್ಚಿ ಜೋಡಿಸುವವರನ್ನು ಅವರೇ ಕರೆತರುತ್ತಾರೆ. ಮನೆಗಳಿಗೆ ಅಂಥದ್ದು ಏನೂ ಇಲ್ಲ. ಮನೆಯ ವಿಷಯ ಬಂದಾಗ ಊರಿನವರ ಪಾಲು ಪೂರ್ತಿ, ಉಳಿದವರ ಪಾಲು ಸಲಹೆ.

ಇನ್ನೊಂದು ವಿಷಯ. ಅಮೆರಿಕದಲ್ಲಿ ಐತಿಹಾಸಿಕ ಸ್ಥಳಗಳ ರಾಷ್ಟ್ರೀಯ ಪಟ್ಟಿ ಅಂತ ಒಂದಿದೆ. ಒಂದು ಬಡಾವಣೆಯ ಆಸ್ತಿ ಮಾಲೀಕರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ನೋಟರಿ ಮಾಡಿಸಿ ಆಕ್ಷೇಪ ಬರೆದುಕೊಟ್ಟರೆ ಆ ಬಡಾವಣೆಯನ್ನು ಪಟ್ಟಿಗೆ ಸೇರಿಸುವ ಹಾಗಿಲ್ಲ. 1980ರಿಂದ ಅಲ್ಲಿಯ ಕಾನೂನಿನಲ್ಲೇ ಇದೆ. ಕಟ್ಟುನಿಟ್ಟಿನ ನಿಯಮ ಬರುವುದು ಆಯಾ ನಗರಸಭೆಗಳಿಂದ, ಅಲ್ಲೂ ಮನೆಯವರು ಹೋಗಿ ಜಗಳ ಆಡುತ್ತಾರೆ. ಅಂದರೆ ಬೇಡ ಅನ್ನುವುದು ನಮ್ಮೂರಿನ ತಿಳಿಗೇಡಿತನ ಅಲ್ಲ. ತನ್ನ ಮನೆಯ ಬಗ್ಗೆ ಇನ್ಯಾರೋ ತೀರ್ಮಾನ ಮಾಡುವಾಗ ಎಲ್ಲ ಕಡೆ ಜನ ಹೀಗೇ ಎದ್ದು ನಿಲ್ಲುತ್ತಾರೆ. ನಮ್ಮಲ್ಲಿ ಮಾಲೀಕರನ್ನು ಕೇಳಿ ಅಂದರೆ ಇನ್ನೊಂದು ತೊಡಕು. ಬೀದಿಯ ಎಷ್ಟೋ ಮನೆಗಳ ಖಾತೆ ತೀರಿಹೋದವರ ಹೆಸರಿನಲ್ಲೇ ಇದೆ. ನಮ್ಮ ಮನೆಗೆ ಬಂದ ನೋಟಿಸು ಅಜ್ಜನ ಹೆಸರಿಗಿತ್ತು. ಹೆಣ್ಣುಮಕ್ಕಳಾದ ನಮಗೂ ಪಾಲು ಇದೆ, ನಮ್ಮ ಸಹಿಯೂ ಬೇಕು. ಹಾಗೆ ನೋಡಿದರೆ ಒಂದು ಮನೆಗೆ ಒಂಬತ್ತು, ಹತ್ತು ಜನ ಮಾಲೀಕರು, ಇರುವವರು ಇಬ್ಬರು. ಬೆಂಗಳೂರಿನಲ್ಲಿರುವ ಪಾಲುದಾರರಿಗೆ ಘೋಷಣೆ ಆದರೆ ಸಂತೋಷ, ಅವರ ಬಾಲ್ಯದ ಮನೆ ಹಾಗೇ ಇರುತ್ತದೆ. ನಾನು ಕೂಡ ಹೊರಗಿರುವ ಪಾಲುದಾರಳೇ. ಅದಕ್ಕೇ ಹೇಳುತ್ತಿದ್ದೇನೆ. ಮೊದಲ ಮಾತು ಅಲ್ಲಿ ಇರುವವರದ್ದಾಗಬೇಕು.

ಅರ್ಜಿ

ಆಕ್ಷೇಪಣೆಯ ಅರ್ಜಿಯನ್ನು ನಮ್ಮ ಮನೆಯ ಜಗುಲಿಯಲ್ಲಿ ಕೂತು ಬರೆದೆವು. ಬರೆದದ್ದು ನಾನು, ಹೇಳಿದ್ದು ಬೀದಿಯವರು. ಮೊದಲಿಗೆ ಎಲ್ಲರೂ "ನಮಗೆ ಈ ಘೋಷಣೆ ಬೇಡ" ಅಂತ ಒಂದೇ ಸಾಲು ಬರಿ ಅಂದರು. ಬೇಡ ಅಂದಮೇಲೆ ಏನು ಬೇಕು ಅಂತಲೂ ಬರೆಯೋಣ ಅಂತ ನಾನು ಹೇಳಿದೆ. ಅದಕ್ಕೆ ಒಂದು ಸಂಜೆ ಪೂರ್ತಿ ಹೋಯಿತು. ಬಚ್ಚಲು, ಅಡುಗೆಮನೆ, ವಯಸ್ಸಾದವರ ಅನುಕೂಲಕ್ಕೆ ಮಾಡುವ ಕೆಲಸಕ್ಕೆ ಯಾರ ಅನುಮತಿಯೂ ಬೇಡ, ಪಂಚಾಯಿತಿಗೆ ತಿಳಿಸಿದರೆ ಸಾಕು. ಮಳೆಗೆ ಮುಂಚಿನ ಹಂಚಿನ ಕೆಲಸಕ್ಕೆ ಪ್ರತಿ ವರ್ಷ ಮನೆಗಿಷ್ಟು ಅಂತ ನೆರವು, ಅದೂ ಏಪ್ರಿಲ್‌ಗೆ ಮುಂಚೆ ಕೈಗೆ ಬರಬೇಕು. ಹಂಚಿನ ಕೆಲಸ, ಮರದ ಕೆಲಸ ಕಲಿಯುವ ಹುಡುಗರಿಗೆ ಸಂಬಳ ಕೊಟ್ಟು ಕಲಿಸಬೇಕು, ಕಲಿಸುವವರು ಈಗಿರುವ ಹಿರಿಯರೇ ಆಗಬೇಕು. ಕೆಡವಿದ ಮನೆಗಳ ಹಂಚು, ಮರವನ್ನು ಒಂದು ಕಡೆ ಸಂಗ್ರಹಿಸಿ ಬೇಕಾದವರಿಗೆ ಕಡಿಮೆ ಬೆಲೆಗೆ ಕೊಡಬೇಕು. ಶೀಟು ಹಾಕಿಸಿಕೊಂಡವರನ್ನು ತೆಗೆಯಿರಿ ಅಂತ ಒತ್ತಾಯಿಸಬಾರದು. ಸಮಿತಿಯಲ್ಲಿ ಅರ್ಧ ಜನ ಬೀದಿಯಲ್ಲಿ ವಾಸ ಇರುವವರಾಗಿರಬೇಕು, ಅವರಲ್ಲಿ ಅರ್ಧ ಹೆಂಗಸರು. ಕೊನೆಯದನ್ನು ಸೇರಿಸಿದ್ದು ಅತ್ತಿಗೆ. ಗಂಡಸರು ಯಾರೂ ಎದುರು ಮಾತಾಡಲಿಲ್ಲ.

ಇಷ್ಟರವರೆಗೆ ಎಲ್ಲರೂ ಸಹಿ ಹಾಕಲು ತಯಾರಿದ್ದರು. ಜಗಳ ಬಂದದ್ದು ನಾನು ಇನ್ನೊಂದು ಸಾಲು ಸೇರಿಸೋಣ ಅಂದಾಗ. ಮನೆಯ ಕಂಬ, ಬಾಗಿಲು, ತೊಲೆಗಳನ್ನು ಬಿಚ್ಚಿ ಹೊರಗೆ ಮಾರುವ ಮುಂಚೆ ಬೀದಿಯವರಿಗೆ ತಿಳಿಸಬೇಕು, ಕೊಳ್ಳುವ ಮೊದಲ ಅವಕಾಶ ಬೀದಿಯವರಿಗೆ ಇರಬೇಕು ಅಂತ. ಇಬ್ಬರು ಎದ್ದು ಹೋದರು. ಅವರಲ್ಲಿ ಒಬ್ಬರಿಗೆ ಮಗಳ ಮದುವೆ ಇದೆ, ಮನೆಯಲ್ಲಿ ದುಡ್ಡಾಗುವ ವಸ್ತು ಅಂದರೆ ಆ ಬೀಟೆ ಕಂಬಗಳೇ. ಅವರ ಮಾತಿನಲ್ಲೂ ನ್ಯಾಯ ಇದೆ. ಕಷ್ಟಕ್ಕೆ ಆಗುವ ದುಡ್ಡನ್ನು ಬೀದಿಯವರು ಕೊಡುತ್ತಾರಾ ಅಂತ ಅವರು ಕೇಳಿದಾಗ ನಾವು ಯಾರೂ ತಕ್ಷಣ ಹೌದು ಅನ್ನಲಿಲ್ಲ. ಆಮೇಲೆ ಅಣ್ಣ ಒಂದು ದಾರಿ ಹೇಳಿದ. ನೆರವಿನ ಹಣದಲ್ಲಿ ಒಂದು ಭಾಗವನ್ನು ಬೀದಿಯ ಹೆಸರಿನಲ್ಲಿ ಸಹಕಾರ ಸಂಘದಲ್ಲಿ ಇಡುವುದು, ಯಾರಾದರೂ ಕಷ್ಟಕ್ಕೆ ಮಾರಬೇಕಾಗಿ ಬಂದರೆ ಅದರಿಂದ ಸಾಲ ಕೊಡುವುದು. ಹಣ ಇನ್ನೂ ಬಂದಿಲ್ಲ, ಬರುತ್ತದೋ ಇಲ್ಲವೋ. ಆದರೂ ಆ ಸಾಲು ಅರ್ಜಿಯಲ್ಲಿ ಇರಬೇಕು ಅಂತ ನಾನು ಹಟ ಹಿಡಿದಿದ್ದೇನೆ. ನಮ್ಮ ಮನೆ ವಿಷಯ ನಮ್ಮನ್ನು ಕೇಳಿ ಅಂತ ಸರ್ಕಾರಕ್ಕೆ ಹೇಳುವವರು, ಪಕ್ಕದ ಮನೆಯ ಗೋಡೆ ಒರಗಿರುವ ಕಂಬದ ವಿಷಯಕ್ಕೆ ಪಕ್ಕದ ಮನೆಯವರನ್ನೂ ಕೇಳಬೇಕು. ಎದ್ದು ಹೋದವರ ಮನೆಗೆ ಅಣ್ಣ ಎರಡು ಸಲ ಹೋಗಿ ಮಾತಾಡಿ ಬಂದಿದ್ದಾನೆ. ಒಬ್ಬರು ಸಹಿ ಹಾಕಿದ್ದಾರೆ. ಇನ್ನೊಬ್ಬರು ಮಗಳ ಮದುವೆ ಮುಗಿಯಲಿ ಅಂದಿದ್ದಾರೆ.